ಬಫಲೋ ಜಂಪಾ, ರೈಟಿಂಗ್-ಆನ್-ಸ್ಟೋನಾ? ದಕ್ಷಿಣ ಆಲ್ಬರ್ಟಾಕ್ಕೆ ಹೊರಟವರಿಗೆ

ಊರಿಂದ ಅಪ್ಪ-ಅಮ್ಮ ಬಂದರೆ ಕೆನಡಾದ ಕ್ಯಾಲ್ಗರಿಯ ಕನ್ನಡದವರು ಸಾಮಾನ್ಯವಾಗಿ ಕರೆದುಕೊಂಡು ಹೋಗುವುದು ಬೆಟ್ಟಗಳ ನಡುವಿನ ಬ್ಯಾನ್ಫ್‌ಗೆ. ದಕ್ಷಿಣದ ಕಡೆ ಹೋಗಿ ಅಂದರೆ, ಅಲ್ಲೇನಿದೆ, ಬರೀ ಹುಲ್ಲು ಅಂತಾರೆ. ಆ ಹುಲ್ಲುಗಾವಲಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಎರಡು ಜಾಗಗಳಿವೆ, ಎರಡೂ ಈ ಭಾಗದ ಮೂಲನಿವಾಸಿಗಳಾದ ಬ್ಲ್ಯಾಕ್‌ಫುಟ್ ಜನರ ನೆಲ: ಹಿಂದಿನವರ ಬೇಟೆಯ ಬಂಡೆ ಬಫಲೋ ಜಂಪ್, ಕಲ್ಲಿನ ಮೇಲೆ ಚಿತ್ರಗಳಿರುವ ಕಣಿವೆ ರೈಟಿಂಗ್-ಆನ್-ಸ್ಟೋನ್. ಎರಡನ್ನೂ ಸುತ್ತಿದ್ದೇನೆ. ಒಂದನ್ನೇ ಆರಿಸು ಅಂದರೆ ನಾನು ರೈಟಿಂಗ್-ಆನ್-ಸ್ಟೋನ್‌ಗೆ ಹೋಗುತ್ತೇನೆ. ಆದರೆ ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಬಫಲೋ ಜಂಪೇ ಸರಿ.

ಹೆಡ್-ಸ್ಮ್ಯಾಶ್ಡ್-ಇನ್ ಬಫಲೋ ಜಂಪ್ ಇರುವುದು ಫೋರ್ಟ್ ಮ್ಯಾಕ್ಲೌಡ್ ಹತ್ತಿರ. ಕ್ಯಾಲ್ಗರಿಯಿಂದ ಎರಡು ಗಂಟೆಯೂ ಬೇಡ. 1981ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಸುಮಾರು 6,000 ವರ್ಷಗಳಷ್ಟು ಹಿಂದಿನಿಂದ ಇಲ್ಲಿ ಬೇಟೆಗಾಗಿ ಬೈಸನ್ (ಇಲ್ಲಿಯವರು ಬಫಲೋ ಅನ್ನುವ, ಕಾಡುಕೋಣದಂಥ ಪ್ರಾಣಿ) ಹಿಂಡುಗಳನ್ನು ಬಂಡೆಯ ಅಂಚಿಗೆ ಓಡಿಸಿ ಕೆಳಗೆ ಬೀಳಿಸುತ್ತಿದ್ದರು. ಸುಮ್ನೆ ಅಟ್ಟಿದ್ದಲ್ಲ, ಅದರ ಹಿಂದಿನ ಲೆಕ್ಕಾಚಾರ ಕೇಳಿದರೆ ಬೆರಗಾಗುತ್ತೆ. ಬೈಸನ್‌ಗೆ ಕಣ್ಣು ಮಂದ, ಮೂಗು ಚುರುಕು. ಹಾಗಾಗಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಮೊದಲು ನೋಡಬೇಕು. ಕರುವಿನ ಚರ್ಮ ಹೊದ್ದ ಹುಡುಗ ತಪ್ಪಿಸಿಕೊಂಡ ಕರುವಿನ ಹಾಗೆ ಕೂಗಿ ಹಿಂಡನ್ನು ಮುಂದಕ್ಕೆ ಸೆಳೆಯುತ್ತಿದ್ದ. ತೋಳದ ಚರ್ಮ ಹೊದ್ದವರು ಹಿಂದಿನಿಂದ ಒತ್ತಿಕೊಂಡು ಬರುತ್ತಿದ್ದರು. ಎರಡೂ ಬದಿಗೆ ಕಲ್ಲುಗುಪ್ಪೆಗಳ ಸಾಲು, ಕಿಲೋಮೀಟರುಗಟ್ಟಲೆ. ಅಂಚು ಕಂಡು ಮುಂದಿನವು ನಿಲ್ಲಲು ನೋಡಿದರೂ ಹಿಂದಿನವು ನೂಕುತ್ತಿದ್ದವು. ಬಂಡೆಯ ಬುಡದಲ್ಲಿ ಮೂಳೆಗಳ ಪದರ ಹತ್ತು ಮೀಟರಿನಷ್ಟು ಆಳಕ್ಕಿದೆ.

ಇದೆಲ್ಲ ಅರ್ಥವಾಗುವುದು ಬಂಡೆಯ ಒಳಕ್ಕೇ ಸೇರಿಸಿ ಕಟ್ಟಿದ ಮ್ಯೂಸಿಯಂನಿಂದ. ಲಿಫ್ಟ್‌ನಲ್ಲಿ ಮೇಲೆ ಹೋಗಿ, ಅಂಚು ನೋಡಿ, ಒಂದೊಂದೇ ಮಹಡಿ ಇಳಿಯುತ್ತಾ ಬರಬಹುದು. ಬ್ಲ್ಯಾಕ್‌ಫುಟ್ ಗೈಡ್ ಸಿಕ್ಕರೆ ಬಿಡಬೇಡಿ, ತಮ್ಮ ಮನೆತನದ ಕತೆಯ ಹಾಗೆ ಹೇಳುತ್ತಾರೆ. ನನಗಿರುವ ಕೊರಗು ಒಂದೇ: ಹೆಚ್ಚು ಹೊತ್ತು ಕಳೆಯುವುದು ಗೋಡೆಗಳ ಒಳಗೆ. ಕೆಳಗಿನ ಕಾಲುದಾರಿಯನ್ನಾದರೂ ನಡೆದು ಬನ್ನಿ, ಬಂಡೆಯ ಎತ್ತರ ಗೊತ್ತಾಗುವುದು ಅಲ್ಲಿಂದಲೇ.

ರೈಟಿಂಗ್-ಆನ್-ಸ್ಟೋನ್ ದೂರ, ಕ್ಯಾಲ್ಗರಿಯಿಂದ ಮೂರೂವರೆ ಗಂಟೆಯ ದಾರಿ. ಅಮೆರಿಕದ ಗಡಿ ಪಕ್ಕದಲ್ಲೇ, ಮಿಲ್ಕ್ ನದಿಯ ಕಣಿವೆ. ಬ್ಲ್ಯಾಕ್‌ಫುಟ್ ಹೆಸರು ಐಸಿನೈಪಿ. ಪಟ್ಟಿಗೆ ಸೇರಿದ್ದು 2019ರಲ್ಲಿ. ರಸ್ತೆಯುದ್ದಕ್ಕೂ ಚಪ್ಪಟೆ ಗೋಧಿ ಹೊಲ. ಇದ್ದಕ್ಕಿದ್ದಂತೆ ನೆಲ ಬಾಯಿ ಬಿಟ್ಟು ಹೂಡೂಗಳು ಎದ್ದು ನಿಲ್ಲುತ್ತವೆ. ಗಟ್ಟಿ ಕಲ್ಲು ಮೇಲೆ ಉಳಿದು, ಕೆಳಗಿನ ಮೆತ್ತನೆ ಮರಳುಗಲ್ಲು ಸವೆದು ಆದ ಕಂಬಗಳು, ಅಣಬೆಯ ಹಾಗೆ.

ಹೂಡೂ ಟ್ರೇಲ್‌ನಲ್ಲಿ ನೀವೇ ನಡೆದು ಹೋಗಿ ನೋಡಬಹುದಾದ ಯುದ್ಧದ ಚಿತ್ರವೊಂದಿದೆ. ಎದುರು ನಿಂತರೂ ಮೊದಲು ಏನೂ ಕಾಣುವುದಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಗೀರುಗಳು ಮೂಡುತ್ತವೆ: ಟೀಪೀ ಅನ್ನುವ ಗುಡಾರಗಳು, ಕುದುರೆ, ಬಂದೂಕು ಹಿಡಿದವರು. ಹೊತ್ತು ನೋಡಿ ಹೋಗಿ, ನಡುಮಧ್ಯಾಹ್ನ ಬೇಡ. ಕಣಿವೆಯಲ್ಲಿ ಯಾರ್‍ಯಾರೋ ತಮ್ಮ ಹೆಸರು ಕೆತ್ತಿರುವ ಬಂಡೆಗಳೂ ಇವೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತೆ. ಈ ಕಲ್ಲು ಬೆರಳಿಗೇ ಉದುರುವಷ್ಟು ಮೆತ್ತಗಿದೆ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

ಕಷ್ಟಗಳೂ ಇವೆ. ಜುಲೈ ಬಿಸಿಲಲ್ಲಿ ನೆರಳು ಕಡಿಮೆ, ಬುಡುಬುಡಿಕೆ ಹಾವುಗಳಿವೆ, ಹತ್ತುವುದು-ಇಳಿಯುವುದು ಜಾಸ್ತಿ. ಮುಖ್ಯ ಚಿತ್ರಗಳಿರುವ ಭಾಗಕ್ಕೆ ಗೈಡ್ ಜೊತೆಗೇ ಹೋಗಬೇಕು, ಆ ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ.

ಬ್ರೂಕ್ಸ್ ಊರಿನ ಕಡೆಯ ಡೈನೋಸಾರ್ ಪಾರ್ಕ್ ಕೂಡ ಯುನೆಸ್ಕೋದ್ದೇ. ಮಕ್ಕಳಿಗೆ ಬಲು ಇಷ್ಟ. ಆದರೆ ಅದು ಮನುಷ್ಯರಿಗಿಂತ ಮುಂಚಿನ ಕತೆ, ಈ ಹೋಲಿಕೆಗೆ ಸೇರಿಸಿಲ್ಲ.

ಎರಡು ದಿನ ಬಿಡುವಿದ್ದರೆ ಎರಡಕ್ಕೂ ಹೋಗಿ, ಮೊದಲು ಬಫಲೋ ಜಂಪ್. ಬ್ಲ್ಯಾಕ್‌ಫುಟ್ ಜನ ಹೇಗೆ ಬದುಕಿದರು ಅಂತ ತಿಳಿದ ಮೇಲೆ ಕಲ್ಲಿನ ಮೇಲಿನ ಗೀರುಗಳನ್ನು ಓದುವುದು ಸುಲಭ. ರಾತ್ರಿ ಮಿಲ್ಕ್ ನದಿ ದಂಡೆಯ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್ ಹಾಕಿದರೆ ಬೆಳಗಿನ ಓರೆ ಬಿಸಿಲೂ ಸಿಗುತ್ತೆ.