ಅಪ್ಪನ ಎಲ್‌ಡಿಎಲ್ ಇಳಿಸಿದ ಕ್ಲಿನಿಕ್

ಅಪ್ಪನಿಗೆ ಸ್ಟೆಂಟ್ ಹಾಕಿ ಎರಡು ವರ್ಷ. ಮೊದಲು ತೋರಿಸುತ್ತಿದ್ದ ಕಡೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಅಟೊರ್ವಾಸ್ಟಾಟಿನ್ 10 ಮಿ.ಗ್ರಾಂ ಅನ್ನೇ ಸುಮ್ನೆ ಮತ್ತೆ ಮತ್ತೆ ಬರೆದು ಕಳಿಸುತ್ತಿದ್ದರು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 98 ಇದ್ದರೂ ‘ನಾರ್ಮಲ್’ ಅಂದಿದ್ದರು.

ಮೈಸೂರಿನ ಈ ಕ್ಲಿನಿಕ್‌ನಲ್ಲಿ ಡಾಕ್ಟರ ಮೇಜಿನ ಗಾಜಿನ ಕೆಳಗೆ ಒಂದು ಚೀಟಿ ಇದೆ. ಯುರೋಪಿನ 2019ರ ಮಾರ್ಗಸೂಚಿ: ಇಂಥ ಹೃದ್ರೋಗಿಗಳಿಗೆ ಎಲ್‌ಡಿಎಲ್ 55ರ ಕೆಳಗಿರಬೇಕು. ಅದನ್ನೇ ಬೆರಳಿಟ್ಟು ತೋರಿಸಿದರು. ಡೋಸ್ 40ಕ್ಕೆ ಏರಿಸಿದರು. ಆರು ವಾರಕ್ಕೆ ರಕ್ತ ಪರೀಕ್ಷೆ, 74. ಎಜೆಟಿಮೈಬ್ 10 ಅನ್ನೋ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸಿದರು. ಈಗ 54!

“ಇಷ್ಟು ಮಾತ್ರೆ ತಿಂದ್ರೆ ಲಿವರ್ ಹಾಳಾಗಲ್ವಾ?” ಎಂದ ಅಪ್ಪನಿಗೆ ಬೈಯದೆ, ಲಿವರ್ ರಿಪೋರ್ಟ್ ತೋರಿಸಿ ಸಮಾಧಾನ ಹೇಳಿದರು.

ಟೋಕನ್ ಗೋಳು ಮಾತ್ರ ಕೇಳಬೇಡಿ. ಹತ್ತಕ್ಕೆ ಬನ್ನಿ ಅಂದರೆ ಹನ್ನೆರಡೂವರೆ ಖಂಡಿತ. ಕೂರೋಕೆ ಇರುವುದು ಆರೇ ಕುರ್ಚಿ.