ಅರ್ಧ ಸವೆದ ಮೇಲೆ ಮೂರು ಬೈಕ್ ಟೈರ್‌ಗಳು

ಹೊಸದಿದ್ದಾಗ ಎಲ್ಲ ಟೈರ್‌ಗಳೂ ಒಳ್ಳೆಯವೇ. ಹಾಕಿಸಿದ ಮೊದಲ ವಾರದ ಖುಷಿಯಲ್ಲಿ ಕೊಡುವ ಸಲಹೆಗಳು ನನಗೆ ಎಂದೂ ಉಪಯೋಗಕ್ಕೆ ಬಂದಿಲ್ಲ. ಹಾಗಾಗಿ ಒಂದೇ ಬೈಕಿಗೆ ಒಂದಾದ ಮೇಲೊಂದು ಹಾಕಿಸಿ ಓಡಿಸಿದ ಮೂರು ಬಗೆಯ ಟೈರ್‌ಗಳನ್ನು, ಅವು ಅರ್ಧ ಸವೆದ ಸ್ಥಿತಿಯಲ್ಲಿಟ್ಟೇ ಹೋಲಿಸುತ್ತೇನೆ: ಮೃದು ರಬ್ಬರಿನ ಸ್ಪೋರ್ಟ್ ಟೈರ್, ದೂರದ ಓಡಾಟಕ್ಕಾಗಿ ಮಾಡಿದ ಟೂರಿಂಗ್ ಟೈರ್, ಮತ್ತು ಮೈಮೇಲೆ ರಬ್ಬರಿನ ಉಬ್ಬುಗುಬಟುಗಳಿರುವ ಬಟನ್ ಟೈರ್.

ಬೆಟ್ಟದ ತಿರುವುಗಳಲ್ಲಿ ಸ್ಪೋರ್ಟ್ ಟೈರಿಗೆ ಸಾಟಿಯಿಲ್ಲ. ಒಣ ಡಾಂಬರಿನ ಮೇಲೆ ಬೈಕನ್ನು ಎಷ್ಟು ವಾಲಿಸಿದರೂ ಹಿಡಿತ ಬಿಡುವುದಿಲ್ಲವೆಂಬ ಧೈರ್ಯ ಬರುತ್ತದೆ. ಅದನ್ನು ಕೊಲ್ಲುವುದು ನೇರ ಹೆದ್ದಾರಿ, ಅದರಲ್ಲೂ ಒರಟು ಕಾಂಕ್ರೀಟ್. ಸವೆತವೆಲ್ಲ ನಡುಭಾಗಕ್ಕೇ ಬೀಳುತ್ತದೆ. ಹಿಂದಿನ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿದರೆ ನಡುವೆ ಸಪಾಟು, ಎರಡೂ ಬದಿಗೆ ಸಣ್ಣ ಏಣು ತಗಲುತ್ತದೆ. ಆ ಏಣಿನ ಪರಿಣಾಮ ತಿರುವಿನಲ್ಲಿ ತಿಳಿಯುತ್ತದೆ: ಬೈಕ್ ಮೊದಲು ವಾಲಲು ಒಲ್ಲೆನೆನ್ನುತ್ತದೆ, ಏಣು ದಾಟಿದೊಡನೆ ಥಟ್ಟನೆ ಒಳಕ್ಕೆ ಬೀಳುತ್ತದೆ. ಯಾವ ಗುಣಕ್ಕಾಗಿ ಕೊಂಡೆವೋ ಆ ಗುಣವೇ ಮೊದಲು ಹೋಗುತ್ತದೆ.

ಟೂರಿಂಗ್ ಟೈರಿನಲ್ಲಿ ಸಾಮಾನ್ಯವಾಗಿ ನಡುವೆ ಗಟ್ಟಿ ರಬ್ಬರು, ಅಂಚುಗಳಲ್ಲಿ ಮೃದು ರಬ್ಬರು. ಹಾಗಾಗಿ ಹೆದ್ದಾರಿಯಲ್ಲಿ ಓಡಿದ ಮೇಲೂ ಅದರ ದುಂಡು ಬಹುಮಟ್ಟಿಗೆ ಉಳಿದಿತ್ತು. ವಾಲಿಸುವಾಗ ಬೈಕ್ ಒಂದೇ ಹದದಲ್ಲಿ ಇಳಿಯುತ್ತಿತ್ತು. ಮಳೆಯಲ್ಲಿ ಮೂರರ ಪೈಕಿ ನಾನು ನಂಬಿದ್ದು ಇದನ್ನೇ. ರಬ್ಬರಿಗೆ ಬೆರೆಸುವ ಸಿಲಿಕಾ ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುತ್ತದೆ, ಟೈರಿನ ಮೇಲ್ಮೈಯಲ್ಲಿ ಕೊರೆದ ತೋಡುಗಳು ನೀರನ್ನು ಬದಿಗೆ ದೂಡುತ್ತವೆ. ಚಳಿಯಲ್ಲಿ ಬಿಸಿಯೇರಲು ಸ್ವಲ್ಪ ಸಮಯ ಬೇಕು, ಅಷ್ಟೇ. ಸಡಿಲ ಜಲ್ಲಿಯ ಮೇಲೆ ಮಾತ್ರ ಮುಂದಿನ ಚಕ್ರ ತೇಲಿದಂತಾಗುತ್ತದೆ. ಅಲ್ಲಿ ವೇಗ ಇಳಿಸದೆ ಬೇರೆ ದಾರಿಯಿಲ್ಲ.

ಜಲ್ಲಿ ಮತ್ತು ಕೆಸರಿಗೆ ಬಟನ್ ಟೈರ್. ಬಟನ್‌ಗಳು ನೆಲವನ್ನು ಕಚ್ಚುತ್ತವೆ, ಹ್ಯಾಂಡಲ್ ಹೇಳಿದಂತೆ ಕೇಳುತ್ತದೆ. ಡಾಂಬರಿಗೆ ಬಂದೊಡನೆ ಚಿತ್ರ ಬದಲಾಗುತ್ತದೆ. ರಸ್ತೆಗೆ ತಾಗುವ ರಬ್ಬರು ಕಡಿಮೆ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿದರೆ ನಿಲ್ಲುವ ದೂರ ಹೆಚ್ಚು. ತಿರುವಿನಲ್ಲಿ ಬಟನ್‌ಗಳು ಬಾಗಿ ಬೈಕ್ ಅಲುಗಿದಂತೆ ಭಾಸವಾಗುತ್ತದೆ. ಸವೆತವೂ ವಿಚಿತ್ರ: ಪ್ರತಿ ಬಟನ್‌ನ ಒಂದು ಅಂಚು ತಗ್ಗಿ ಇನ್ನೊಂದು ಚೂಪಾಗಿ ಉಳಿಯುತ್ತದೆ. ಬೆರಳನ್ನು ಒಂದು ದಿಕ್ಕಿಗೆ ಎಳೆದರೆ ನುಣುಪು, ಎದುರು ದಿಕ್ಕಿಗೆ ಎಳೆದರೆ ಗರಗಸದ ಹಲ್ಲು. ಗುಂಯ್‌ಗುಡುವ ಸದ್ದು ಅಲ್ಲಿಂದ ಮುಂದೆ ಹೆಚ್ಚುತ್ತಲೇ ಹೋಗುತ್ತದೆ. ಬಟನ್‌ಗಳ ಎತ್ತರ ಅರ್ಧಕ್ಕಿಳಿದ ಮೇಲೆ ಕೆಸರು ನಡುವೆಯೇ ಮೆತ್ತಿಕೊಂಡು ಕಚ್ಚುವ ಶಕ್ತಿಯೂ ಹೋಗುತ್ತದೆ.

ಜಲ್ಲಿಗಾಗಿ ಗಾಳಿ ಸ್ವಲ್ಪ ಇಳಿಸುವುದು ಸರಿಯೇ. ಆದರೆ ಡಾಂಬರಿಗೆ ಮರಳುವ ಮುನ್ನ ತುಂಬಿಸಲೇಬೇಕು. ಗಾಳಿ ಕಡಿಮೆಯಿರುವ ಟೈರ್ ಬಾಗಿ ಬಾಗಿ ಕಾಯುತ್ತದೆ, ಬೇಗ ಸವೆಯುತ್ತದೆ.

ಮಣ್ಣುದಾರಿಯೇ ದಿನದ ದಾರಿಯಾಗಿದ್ದರೆ ಬಟನ್ ಟೈರ್ ಹಾಕಿಸಿ, ಬೇಗ ಬದಲಿಸುವ ಸಿದ್ಧತೆಯೂ ಇರಲಿ. ತಿರುವುಗಳಿಗಾಗಿಯೇ ಬೈಕ್ ತೆಗೆಯುವವರಿಗೆ ಸ್ಪೋರ್ಟ್. ಎಲ್ಲ ಬಗೆಯ ರಸ್ತೆಯನ್ನೂ ಒಂದೇ ಜೊತೆಯಲ್ಲಿ ದಾಟಬೇಕಾದವರಿಗೆ ನನ್ನ ಆಯ್ಕೆ ಟೂರಿಂಗ್. ತೋಡಿನ ತಳದಲ್ಲಿರುವ ಸವೆತದ ಗುರುತು ಬೈಕ್ ಟೈರ್‌ಗಳಲ್ಲಿ ಹೆಚ್ಚಾಗಿ 0.8 ಮಿಲಿಮೀಟರ್ ಎತ್ತರಕ್ಕಿರುತ್ತದೆ. ಮಳೆಗಾಲ ಎದುರಿಗಿದ್ದರೆ ಸವೆತ ಅಲ್ಲಿಗೆ ಮುಟ್ಟುವವರೆಗೆ ನಾನು ಕಾಯುವುದಿಲ್ಲ.