ಪಿಡಿಎಫ್ ತೆಗೆಯಲು ಹೋಗಿ ಮೇಲ್ ಕಳಿಸಿದೆ: ಆರು ವರ್ಷದ ಆರ್ಗ್ ಬೇಬಲ್ ಬಳಕೆ

ಕಳೆದ ವರ್ಷ ಮಾರ್ಚ್ ಕೊನೆಯ ವಾರ, ನಮ್ಮ ಆಫೀಸಿನ 43 ಗಿರಾಕಿಗಳಿಗೆ ‘ಬಾಕಿ ಇದೆ, ದಯವಿಟ್ಟು ಕಟ್ಟಿ’ ಎಂಬ ಮೇಲ್ ಒಂದೇ ದಿನ ಎರಡು ಸಲ ಹೋಯಿತು. ಬೆಳಿಗ್ಗೆ ಕಳಿಸಿದವನು ನಾನು. ಮಧ್ಯಾಹ್ನ ಕಳಿಸಿದವನೂ ನಾನೇ, ಆದರೆ ಆಗ ನಾನು ಮಾಡುತ್ತಿದ್ದದ್ದು ಅದೇ ಫೈಲಿನ ಪಿಡಿಎಫ್ ತೆಗೆಯುವ ಕೆಲಸ. ‘ಬೆಳಿಗ್ಗೇನೇ ಕಟ್ಟಿದೀನಲ್ರೀ, ಮತ್ತೆ ಯಾಕ್ರೀ?’ ಎಂದು ಒಬ್ಬರು ಫೋನ್ ಮಾಡಿದ ಮೇಲೇ ನನಗೆ ಗೊತ್ತಾದದ್ದು.

ಇಮ್ಯಾಕ್ಸ್ ಒಂದು ಪಠ್ಯ ಸಂಪಾದಕ, ಆರ್ಗ್ ಮೋಡ್ ಅದರೊಳಗೆ ಟಿಪ್ಪಣಿ ಬರೆಯುವ ವ್ಯವಸ್ಥೆ, ಬೇಬಲ್ ಆ ಟಿಪ್ಪಣಿಯ ನಡುವೆ ಬರೆದ ಕೋಡನ್ನು ಅಲ್ಲೇ ಓಡಿಸುವ ಅದರ ಭಾಗ. ಇದಕ್ಕಿಂತ ಹೆಚ್ಚು ಇಲ್ಲಿ ಹೇಳುತ್ತಾ ಕೂರುವುದಿಲ್ಲ. ನಾನು ಇದಕ್ಕೆ ಅಂಟಿಕೊಂಡದ್ದು ಬೆಳಗಿನ ಒಂದು ಅಭ್ಯಾಸದಿಂದ. ಒಂಬತ್ತಕ್ಕೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ‘ದಿನಚರಿ’ ಎಂಬ ಫೈಲ್ ತೆರೆಯುತ್ತೇನೆ. ಮೊದಲು ನನ್ನದೇ ಕನ್ನಡದಲ್ಲಿ ಎರಡು ಸಾಲು: ಈ ಸರ್ವರ್‌ನಲ್ಲಿ ಜಾಗ ಎಷ್ಟಿರಬೇಕು, ಕಡಿಮೆಯಾದರೆ ಯಾವ ಫೋಲ್ಡರ್ ನೋಡಬೇಕು. ಅದರ ಕೆಳಗೆ ಶೆಲ್ ಬ್ಲಾಕು, ಅಂದರೆ ಕಂಪ್ಯೂಟರಿಗೆ ಕೊಡುವ ಕಮಾಂಡುಗಳ ತುಂಡು. ಕರ್ಸರ್ ಅದರೊಳಗಿಟ್ಟು ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ, ನಿನ್ನೆಯ ಅಂಕಿ ಅಳಿಸಿಹೋಗಿ ಇವತ್ತಿನದು ಅದೇ ಜಾಗದಲ್ಲಿ ಗೆರೆ ಹೊಡೆದ ಟೇಬಲ್ಲಾಗಿ ಕೂರುತ್ತದೆ. ಕೆಳಗೆ ಬ್ಯಾಕಪ್, ಅದರ ಕೆಳಗೆ ಬಾಕಿ ಪಟ್ಟಿ. ಲೋಟ ಖಾಲಿಯಾಗುವಷ್ಟರಲ್ಲಿ ಫೈಲಿನ ತುದಿ ಮುಟ್ಟಿರುತ್ತೇನೆ. ಎಂಟು ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪು ನನ್ನದು, ಬ್ರೌಸರ್ ತೆರೆದರೆ ಫ್ಯಾನ್ ಕೂಗುತ್ತದೆ. ಇಲ್ಲಿ ಆ ಗಲಾಟೆಯೇ ಇಲ್ಲ, ದುಡ್ಡೂ ಕೊಡಬೇಕಿಲ್ಲ.

ಇನ್ನು ಸಿಟ್ಟಿನ ವಿಷಯ. ಮೇಲ್ ಕಳಿಸುವ ಬ್ಲಾಕಿಗೆ ‘ಎಕ್ಸ್‌ಪೋರ್ಟ್ಸ್ ಬೋತ್’ (ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಪಿಡಿಎಫ್ ವರದಿ ತೆಗೆಯುವಾಗ, ಕೋಡೂ ಫಲಿತಾಂಶವೂ ಬರಲಿ) ಎಂದು ಹಾಕಿದ್ದೆ. ಯಾರು ಯಾರಿಗೆ ಹೋಯಿತು ಎಂಬ ಪಟ್ಟಿಯೂ ವರದಿಯಲ್ಲಿ ಬರಲಿ ಎಂಬ ಆಸೆ. ಬೇಬಲ್ ಅದನ್ನು ಅರ್ಥ ಮಾಡಿಕೊಳ್ಳುವ ರೀತಿಯೇ ಬೇರೆ: ವರದಿಯಲ್ಲಿ ಫಲಿತಾಂಶ ಬೇಕೆಂದರೆ, ಎಕ್ಸ್‌ಪೋರ್ಟ್ ಮಾಡುವಾಗ ಕೋಡನ್ನು ಇನ್ನೊಮ್ಮೆ ಓಡಿಸು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1984ರಲ್ಲಿ ‘ಲಿಟರೇಟ್ ಪ್ರೋಗ್ರಾಮಿಂಗ್’ (ವಿವರಣೆ, ಕೋಡು ಎರಡನ್ನೂ ಒಂದೇ ಫೈಲಿನಲ್ಲಿ ಬರೆಯುವುದು) ಎಂದು ಹೆಸರಿಟ್ಟು ವಿವರಿಸಿದ ಪದ್ಧತಿಯಲ್ಲಿ ಈ ತಾಪತ್ರಯ ಇರಲಿಲ್ಲ. ‘ವೀವ್’ ಮಾಡಿದರೆ ಓದುವ ಪ್ರತಿ, ‘ಟ್ಯಾಂಗಲ್’ ಮಾಡಿದರೆ ಕಂಪೈಲರಿಗೆ ಕೊಡುವ ಪ್ರತಿ, ಅಷ್ಟೇ. ಓದುವ ಪ್ರತಿ ತೆಗೆಯುವಾಗ ಪ್ರೋಗ್ರಾಂ ಓಡುತ್ತಿರಲಿಲ್ಲ.

ಓಡಿಸುವ ಮುಂಚೆ ಬೇಬಲ್ ಕೇಳುವುದಿಲ್ಲವೇ? ಕೇಳುತ್ತದೆ. ಪ್ರತಿ ಬ್ಲಾಕಿಗೂ ಕೇಳುತ್ತದೆ, ‘ಯೆಸ್’ ಎಂದು ಮೂರಕ್ಷರ ಪೂರ್ತಿ ಟೈಪ್ ಮಾಡಬೇಕು. ದಿನಕ್ಕೆ ಹತ್ತು ಬ್ಲಾಕ್ ಓಡಿಸುವವನು ಎಷ್ಟು ದಿನ ತಡೆದಾನು? ಎರಡನೇ ವಾರಕ್ಕೇ ‘ಆರ್ಗ್-ಕನ್ಫರ್ಮ್-ಬೇಬಲ್-ಇವ್ಯಾಲ್ಯುಯೇಟ್’ ಎಂಬ ಸೆಟ್ಟಿಂಗನ್ನು ‘ನಿಲ್’ (ಅಂದರೆ ‘ಬೇಡ’) ಮಾಡಿ ಅದರ ಬಾಯಿ ಮುಚ್ಚಿಸಿದ್ದೆ. ಡಿಸ್ಕಿನಲ್ಲಿ ಜಾಗ ನೋಡುವುದಕ್ಕೂ 43 ಜನಕ್ಕೆ ಮೇಲ್ ಕಳಿಸುವುದಕ್ಕೂ ಒಂದೇ ದನಿಯಲ್ಲಿ ಕೇಳಿದರೆ, ಬಾಯಿ ಮುಚ್ಚಿಸದೆ ಇನ್ನೇನು ಮಾಡುತ್ತಾರೆ?

ಆ ರಾತ್ರಿ ಕೈಪಿಡಿ ಹಿಡಿದು ಕೂತೆ. ಓದುತ್ತಾ ಹೋದಂತೆ ಸಿಟ್ಟು ಬೇಬಲ್ ಬಿಟ್ಟು ನನ್ನ ಕಡೆಗೇ ತಿರುಗಿತು. ‘ಇವ್ಯಾಲ್’ ಎಂಬ ಒಂದೇ ಹೆಡರಿನಲ್ಲಿ (ಬ್ಲಾಕಿನ ಮೊದಲ ಸಾಲಿನಲ್ಲಿ ಬರೆಯುವ ಸೂಚನೆ) ನನಗೆ ಬೇಕಾದದ್ದೆಲ್ಲ ಇತ್ತು. ‘ನೆವರ್’ ಎಂದರೆ ಯಾವತ್ತೂ ಓಡದು. ‘ಕ್ವೆರಿ’ ಎಂದರೆ ಕೇಳಿ ಓಡುತ್ತದೆ, ಬಾಯಿ ಮುಚ್ಚಿಸಿದ್ದರೂ ಕೇಳುತ್ತದೆ. ‘ನೆವರ್-ಎಕ್ಸ್‌ಪೋರ್ಟ್’ ಎಂದರೆ ಕೈಯಾರೆ ಒತ್ತಿದರೆ ಓಡುತ್ತದೆ, ಎಕ್ಸ್‌ಪೋರ್ಟ್ ಮಾಡುವಾಗ ಓಡುವುದಿಲ್ಲ, ಫೈಲಿನಲ್ಲಿ ಆಗಲೇ ಇರುವ ಫಲಿತಾಂಶವೇ ವರದಿಗೆ ಹೋಗುತ್ತದೆ. ಫೈಲಿನ ತಲೆಯಲ್ಲಿ ಒಂದು ‘ಪ್ರಾಪರ್ಟಿ’ ಸಾಲು ಬರೆದರೆ ಅಷ್ಟೂ ಬ್ಲಾಕಿಗೆ ಅನ್ವಯ.

ಅಲ್ಲೂ ಒಂದು ಕೊಂಕಿದೆ. ಆ ಸಾಲು ಬರೆದರೆ ಸಾಲದು, ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ ಎರಡು ಸಲ ಒತ್ತಬೇಕು. ಮರೆತರೆ, ಫೈಲ್ ಮುಚ್ಚಿ ತೆರೆಯುವವರೆಗೂ ನೀವು ಒತ್ತಿದ ಬ್ಲಾಕು ಹಳೆಯ ನಿಯಮದಂತೆಯೇ ನಡೆಯುತ್ತದೆ. ಫೈಲಿನ ತಲೆಯಲ್ಲಿ ‘ನೆವರ್’ ಎಂದು ಬರೆದ ಮೇಲೂ ಹಳೇ ಬ್ಲಾಕೊಂದು ಕಣ್ಣೆದುರೇ ಓಡಿದಾಗ ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೆ. ‘ಕ್ಯಾಶ್ ಯೆಸ್’ ಕೂಡ ನನಗೆ ಕೈಕೊಟ್ಟಿತು. ಕೋಡು ಬದಲಾಗದಿದ್ದರೆ ಅದು ಮತ್ತೆ ಓಡಿಸುವುದಿಲ್ಲ, ಸರಿ. ಆದರೆ ಡೇಟಾಬೇಸಿನೊಳಗೆ ಅಂಕಿ ಬದಲಾದದ್ದು ಅದಕ್ಕೇನು ಗೊತ್ತು? ಮೂರು ದಿನ ಒಂದೇ ಬಾಕಿ ಪಟ್ಟಿ ನೋಡಿದ ಮೇಲೆ ತೆಗೆದುಹಾಕಿದೆ.

ಪಕ್ಕದ ಟೇಬಲ್ಲಿನ ಹುಡುಗಿ ಕ್ವಾರ್ಟೊ ಬಳಸುತ್ತಾಳೆ, ಅದೂ ಕೋಡು ಓಡಿಸಿ ವರದಿ ತಯಾರಿಸುವ ಸಾಧನವೇ. ಅದರಲ್ಲಿ ‘ಫ್ರೀಜ್ ಆಟೋ’ ಹಾಕಿದರೆ ಮೂಲ ಬದಲಾಗದ ಫೈಲು ಮತ್ತೆ ಓಡುವುದಿಲ್ಲ. ನಾನೂ ಆಸೆಯಿಂದ ನೋಡಿದೆ. ಅದು ಇಡೀ ಪ್ರಾಜೆಕ್ಟನ್ನು ರೆಂಡರ್ ಮಾಡುವಾಗ (ವರದಿಯಾಗಿ ತೆಗೆಯುವಾಗ) ಮಾತ್ರವಂತೆ, ಒಂದೇ ಫೈಲು ರೆಂಡರ್ ಮಾಡಿದರೆ ಅದೂ ಓಡಿಸಿಬಿಡುತ್ತದೆ. ನನ್ನದು ಇರುವುದೇ ಒಂದು ಫೈಲು.

ಈಗಿನ ವ್ಯವಸ್ಥೆ ಇಷ್ಟು. ತಲೆಯಲ್ಲಿ ‘ನೆವರ್-ಎಕ್ಸ್‌ಪೋರ್ಟ್’. ‘ನಿಲ್’ ಇದ್ದ ಜಾಗದಲ್ಲಿ ನಾಲ್ಕು ಸಾಲಿನ ಒಂದು ಫಂಕ್ಷನ್: ಪೈಥಾನ್ ಆದರೆ ಸುಮ್ಮನೆ ಓಡಿಸು, ಶೆಲ್ ಆದರೆ ಕೋಡಿನೊಳಗೆ ಅಳಿಸುವ ಕಮಾಂಡ್ ಇದ್ದರೆ ಮಾತ್ರ ಕೇಳು. ಈ ಅನುಕೂಲ ಮೊದಲಿಂದಲೂ ಇತ್ತು, ನಾನು ನೋಡಿರಲಿಲ್ಲ. ಮೇಲ್ ಬ್ಲಾಕಿಗೆ ಮಾತ್ರ ಪ್ರತ್ಯೇಕವಾಗಿ ‘ಕ್ವೆರಿ’. ಬ್ಲಾಕಿನ ಮಾತು ಫೈಲಿನ ಮಾತಿಗಿಂತ ಮೇಲಾದ್ದರಿಂದ ಪಿಡಿಎಫ್ ತೆಗೆಯುವಾಗಲೂ ಅದೊಂದು ಕೇಳಿಯೇ ಕೇಳುತ್ತದೆ. ‘ನೋ’ ಎಂದು ಟೈಪ್ ಮಾಡುತ್ತೇನೆ, ಬೆಳಗಿನ ಪಟ್ಟಿ ಹಾಗೇ ವರದಿಗೆ ಹೋಗುತ್ತದೆ.